ವಿದ್ಯುತ್ತಂತಿಗಳ ಅಗ್ನಿಲಕ್ಷಣವಿಚಾರ

೧. ವಿಷಯಪ್ರವೇಶ

ಈಚೆಗೆ ಮನೆಗಳಿಗೂ ಪಾಠಶಾಲೆಗಳಿಗೂ ಪುಸ್ತಕಭಂಡಾರಗಳಿಗೂ ಎಳೆಯುವ ವಿದ್ಯುತ್ತಂತಿಯ ಸುರುಳಿಗಳ ಮೇಲೆ ಕೆಲವು ಅಕ್ಷರಗಳು ಅಚ್ಚಾಗಿ ಬರುತ್ತವೆ. ಕೆಲವದರ ಮೇಲೆ ಎಫ್. ಆರ್. ಎಂದೂ, ಕೆಲವದರ ಮೇಲೆ ಎಫ್. ಆರ್. ಎಲ್. ಎಸ್. ಎಚ್. ಎಂದೂ, ಕೆಲವದರ ಮೇಲೆ ಎಚ್. ಎಫ್. ಎಫ್. ಆರ್. ಎಂದೂ, ಮತ್ತೆ ಕೆಲವದರ ಮೇಲೆ ಎಫ್. ಎಸ್. ಎಂದೂ ಇರುವುದು. ಇವು ತಂತಿಯು ಬೆಂಕಿಯ ಎದುರಿನಲ್ಲಿ ಹೇಗೆ ನಡೆದುಕೊಳ್ಳುವುದೆಂಬುದನ್ನು ಸೂಚಿಸತಕ್ಕ ಸಂಜ್ಞೆಗಳು. ಒಂದೊಂದಕ್ಕೂ ಬೇರೆ ಪರೀಕ್ಷೆಯುಂಟು, ಬೇರೆ ಮಿತಿಯುಂಟು. ಆದರೆ ಇವನ್ನು ಕನ್ನಡದಲ್ಲಿ ಹೇಳಬೇಕಾದಾಗ ನಾಲ್ಕಕ್ಕೂ ಸಾಮಾನ್ಯವಾಗಿ ಒಂದೇ ಮಾತು ಬಳಕೆಯಾಗುತ್ತಿದೆ. ಅದು ‘ಅಗ್ನಿನಿರೋಧಕ’ ಎಂಬುದು. ನಾಲ್ಕು ಅರ್ಥಗಳಿಗೆ ಒಂದೇ ಶಬ್ದವಿದ್ದರೆ ಕಾವ್ಯದಲ್ಲಿ ಅದು ಶ್ಲೇಷವೆನಿಸಿ ಶೋಭಿಸಬಹುದು. ಕಟ್ಟಡದ ಗೋಡೆಯೊಳಗೆ ಅದು ಪ್ರಾಣಾಪಾಯಕ್ಕೆ ಎಡೆಯಾಗುವುದು. ಆದಕಾರಣ ಈ ನಾಲ್ಕು ಲಕ್ಷಣಗಳನ್ನು ಬೇರ್ಪಡಿಸಿ ತಿಳಿಸುವುದೂ, ಅವುಗಳಿಗೆ ತಕ್ಕ ಕನ್ನಡ ಮಾತುಗಳನ್ನು ವಿಚಾರಿಸುವುದೂ ಪ್ರಕೃತ ಲೇಖನದ ಉದ್ದೇಶವಾಗಿದೆ.

ಇದು ಶಿಲ್ಪಿಗಳ ವಿಷಯವಲ್ಲವೆ, ಸಾಹಿತ್ಯಪತ್ರಿಕೆಗೂ ಇದಕ್ಕೂ ಸಂಬಂಧವೇನು ಎಂದು ಆಕ್ಷೇಪಿಸಬಹುದು. ಇದಕ್ಕೆ ಸಮಾಧಾನವು ಎರಡು ಬಗೆಯಾಗಿದೆ. ಶಬ್ದಕ್ಕೂ ಅರ್ಥಕ್ಕೂ ನಿಯತವಾದ ಸಂಬಂಧವನ್ನು ನಿರ್ಣಯಿಸುವುದು ವಿದ್ವಾಂಸರ ಕೆಲಸವೇ ಆಗಿರುವುದೆಂಬುದು ಒಂದು. ನಮ್ಮ ಓಲೆಗರಿಗಳೂ ಹಳೆಯ ಅಚ್ಚಿನ ಪುಸ್ತಕಗಳೂ ಈ ತಂತಿಗಳು ಹಾದುಹೋಗಿರುವ ಕೊಠಡಿಗಳಲ್ಲಿಯೇ ಇರುವುವೆಂಬುದು ಇನ್ನೊಂದು.

ಬೆಟ್ಟದಪುರದಂತಹ ಊರಿನಲ್ಲಿ ಈ ವಿಚಾರವು ಕಣ್ಣಿಗೆ ಕಾಣುವಂತಿದೆ. ಬೆಟ್ಟದ ಮೇಲಿನ ದೇವರಿಗೆ ಸಿಡಿಲು ಮಲ್ಲಿಕಾರ್ಜುನನೆಂದೇ ಹೆಸರು. ಆ ಗುಡಿಗೆ ಸಿಡಿಲು ಬಡಿಯುವುದೆಂಬ ಪ್ರತೀತಿಯಿಂದ ಆ ಹೆಸರು ಬಂದಿತೆಂದು ಜನರು ಹೇಳುವರು. ಮುಗಿಲಿನ ವಿದ್ಯುತ್ತಿಗೆ ಅಷ್ಟು ಹೆದರುವ ನಾವು, ತೊಲೆಗಳ ಮೇಲೆ ಮರದ ಪಟ್ಟಿಗಳಿಗೆ ಬಿಗಿದು ತಲೆಮಾರುಗಳ ಹಿಂದೆ ಎಳೆದ ತಂತಿಯ ವಿದ್ಯುತ್ತನ್ನು ಕುರಿತು ಯೋಚಿಸುವುದೇ ಇಲ್ಲ. ಸಿಡಿಲಿಗೆ ಲಕ್ಷಣವನ್ನು ವಿಧಿಸಲು ನಮ್ಮಿಂದಾಗದು. ತಂತಿಗೆ ಲಕ್ಷಣವನ್ನು ವಿಧಿಸಬಹುದು, ಪರೀಕ್ಷಿಸಲೂಬಹುದು.

೨. ತಂತಿಯ ರಚನೆಯೂ ಅದರಲ್ಲಿ ಬೆಂಕಿ ಹುಟ್ಟುವ ಬಗೆಯೂ

ನಮ್ಮ ದೇಶದಲ್ಲಿ ಮನೆಯ ತಂತಿಗಳನ್ನು ೧೧೦೦ ವೋಲ್ಟುಗಳ ಒತ್ತಡದವರೆಗೆ ತಾಳುವಂತೆ ಮಾಡುವರು. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಪರ್ಯಾಯಪ್ರವಾಹಕ್ಕೆ ೧೦೦೦ ವೋಲ್ಟುಗಳವರೆಗಿನದನ್ನು ಅಲ್ಪ ಒತ್ತಡವೆಂದು ಕರೆಯುವರು. ಇದರ ಜೊತೆಗೆ ದೂರವಾಣಿ, ಗಣಕಯಂತ್ರ, ಕಾವಲಿನ ಕ್ಯಾಮರಾ ಮುಂತಾದವುಗಳಿಗೆ ಹೋಗುವ ಇನ್ನೂ ಕಡಿಮೆ ಒತ್ತಡದ ತಂತಿಗಳೂ ಈಗ ಕಟ್ಟಡಗಳಲ್ಲಿ ಹೇರಳವಾಗಿವೆ. ಇವೆಲ್ಲವುಗಳಿಗೂ ರಚನೆ ಒಂದೇ ತೆರನಾದುದು: ಒಳಗೆ ತಾಮ್ರದ ಎಳೆ, ಅದರ ಸುತ್ತ ವಿದ್ಯುತ್ತನ್ನು ಬಿಡದ ಹೊದಿಕೆ, ಕೆಲವಕ್ಕೆ ಅದರ ಹೊರಗೆ ಇನ್ನೊಂದು ಕವಚ.

ತಾಮ್ರವು ಸುಮಾರು ೧೦೮೫ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುವುದು. ಮನೆಗೆ ಬಿದ್ದ ಬೆಂಕಿಯಲ್ಲಿ ಅದು ಇಂಧನವಾಗುವುದಿಲ್ಲ. ಉರಿಯುವುದು ಹೊದಿಕೆ. ಹಿಂದೆ ರಬ್ಬರಿನ ಮೇಲೆ ಹತ್ತಿಯ ನೂಲನ್ನು ಹೆಣೆದ ಹೊದಿಕೆಯಿತ್ತು. ಕಾಲಕ್ರಮದಲ್ಲಿ ರಬ್ಬರು ಒಣಗಿ ಬಿರಿಯುತ್ತಿದ್ದಿತು. ಅನಂತರ ಪಿ. ವಿ. ಸಿ. ಎಂಬ ಕೃತಕದ್ರವ್ಯವು ಬಂದಿತು. ಅದರ ತೂಕದಲ್ಲಿ ನೂರಕ್ಕೆ ಸುಮಾರು ೫೭ ಪಾಲು ಕ್ಲೋರೀನು. ಈ ಕ್ಲೋರೀನಿನ ದೆಸೆಯಿಂದಲೇ ಶುದ್ಧವಾದ ಪಿ. ವಿ. ಸಿ.ಗೆ ಸುಲಭವಾಗಿ ಉರಿ ಹತ್ತುವುದಿಲ್ಲ. ಈ ಕ್ಲೋರೀನಿನ ದೆಸೆಯಿಂದಲೇ ಅದು ಉರಿದಾಗ ತೀಕ್ಷ್ಣವಾದ ಆಮ್ಲವಾಯು ಹೊರಡುವುದು. ಗುಣವೂ ದೋಷವೂ ಒಂದೇ ಕಾರಣದಿಂದ ಹುಟ್ಟಿರುವುದು ಇಲ್ಲಿ ಗಮನಿಸತಕ್ಕ ಅಂಶ. ತಂತಿಯು ಬಾಗುವಂತಾಗಲೆಂದು ಸೇರಿಸುವ ತೈಲದಂತಹ ದ್ರವ್ಯಗಳು ಮೊದಲಿನ ಗುಣವನ್ನು ಸ್ವಲ್ಪಮಟ್ಟಿಗೆ ಕೆಡಿಸುತ್ತವೆ.

ತಂತಿಯಲ್ಲಿ ಬೆಂಕಿ ಹುಟ್ಟುವುದು ಹೇಗೆ? ಪ್ರವಾಹವು ಹರಿಯುವಾಗ ತಾಮ್ರವು ಬಿಸಿಯೇರುವುದು. ಪ್ರವಾಹವು ಎರಡರಷ್ಟಾದರೆ ಶಾಖವು ಎರಡರಷ್ಟಲ್ಲ, ನಾಲ್ಕರಷ್ಟಾಗುವುದು. ಸಾಧಾರಣ ಪಿ. ವಿ. ಸಿ. ಹೊದಿಕೆಯ ತಂತಿಯಲ್ಲಿ ತಾಮ್ರವು ನಿರಂತರವಾಗಿ ೭೦ ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದೆಂದು ನಿಯಮ. ದೀಪಕ್ಕೆಂದು ಎಳೆದ ತೆಳುತಂತಿಗೆ ನೀರು ಕಾಯಿಸುವ ಯಂತ್ರವನ್ನು ಸೇರಿಸಿದರೆ ಈ ಮಿತಿ ಮೀರುವುದು. ಕೂಡಿಕೆಯು ಸಡಿಲವಾಗಿದ್ದರೆ ಆ ಒಂದು ಬಿಂದುವಿನಲ್ಲಿಯೇ ಶಾಖವು ಶೇಖರವಾಗುವುದು. ಹೊದಿಕೆ ಸವೆದು ಎರಡು ಎಳೆಗಳು ತಾಗಿದರೆ ಕಿಡಿ ಹಾರುವುದು. ಎಷ್ಟು ಉತ್ತಮದರ್ಜೆಯ ತಂತಿಯಾದರೂ ಈ ಮೂರು ಕಾರಣಗಳನ್ನು ತಾನಾಗಿ ತಡೆಯಲಾರದು. ಅವುಗಳಿಗೆ ತಕ್ಕ ಗಾತ್ರದ ಎಳೆ, ಬಿಗಿಯಾದ ಕೂಡಿಕೆ, ಪ್ರವಾಹವನ್ನು ಕಡಿಯುವ ಉಪಕರಣ ಇವೇ ಪರಿಹಾರ. ಬೆಂಕಿ ತಂತಿಯಲ್ಲಿಯೇ ಹುಟ್ಟಿರಲಿ, ಬೇರೆಡೆಯಿಂದ ಬಂದಿರಲಿ, ಬಂದ ಮೇಲೆ ತಂತಿಯು ಏನು ಮಾಡುವುದೆಂಬುದನ್ನು ಮಾತ್ರ ದರ್ಜೆಯು ಹೇಳುತ್ತದೆ.

೩. ಮೊದಲನೆಯ ಲಕ್ಷಣ: ಉರಿಯು ಹರಡದಿರುವುದು

ಎಫ್. ಆರ್. ಎಂಬ ಸಂಜ್ಞೆಗೆ ಉರಿಯನ್ನು ನಿಧಾನಪಡಿಸುವುದು ಎಂದು ಅರ್ಥ. ಇದನ್ನು ಅಳೆಯುವ ಒಂದು ಕ್ರಮಕ್ಕೆ ಆಮ್ಲಜನಕ ಸೂಚ್ಯಂಕವೆಂದು ಹೆಸರು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ ಸುಮಾರು ೨೧ ಪಾಲು. ಒಂದು ವಸ್ತುವು ಉರಿಯುತ್ತಲೇ ಇರಬೇಕಾದರೆ ಕನಿಷ್ಠ ಎಷ್ಟು ಪಾಲು ಆಮ್ಲಜನಕ ಬೇಕೋ ಆ ಸಂಖ್ಯೆಯೇ ಅದರ ಸೂಚ್ಯಂಕ. ಸಂಖ್ಯೆಯು ೨೧ಕ್ಕಿಂತ ಕೆಳಗಿದ್ದರೆ ವಸ್ತುವು ಸಾಧಾರಣ ಗಾಳಿಯಲ್ಲಿ ಉರಿಯುತ್ತ ಹೋಗುವುದು. ಮೇಲಿದ್ದರೆ ಹೊರಗಿನ ಜ್ವಾಲೆಯನ್ನು ತೆಗೆದ ಮೇಲೆ ತಾನಾಗಿ ಆರುವುದು. ಭಾರತೀಯ ಮಾನಕ ಸಂಸ್ಥೆಯು ಪಿ. ವಿ. ಸಿ. ತಂತಿಗಳನ್ನು ಕುರಿತು ೨೦೧೦ರಲ್ಲಿ ಪರಿಷ್ಕರಿಸಿದ ೬೯೪ನೆಯ ಮಾನಕದಲ್ಲಿ ಎಫ್. ಆರ್. ವರ್ಗಕ್ಕೆ ಈ ಸಂಖ್ಯೆಯು ೨೯ಕ್ಕೆ ಕಡಿಮೆಯಿರಕೂಡದೆಂದು ವಿಧಿಸಿದೆ. ವಸ್ತುವು ಕಾದಷ್ಟೂ ಉರಿಯುವುದು ಸುಲಭವಾಗುವುದರಿಂದ, ಸೂಚ್ಯಂಕವು ೨೧ಕ್ಕೆ ಇಳಿಯುವ ಶಾಖವನ್ನೂ ನೋಡುವರು; ಅದು ೨೫೦ ಡಿಗ್ರಿಗೆ ಕಡಿಮೆಯಿರಬಾರದು.

ಇಷ್ಟರಿಂದಲೇ ತೃಪ್ತಿಪಡುವಂತಿಲ್ಲ. ಒಂದೇ ತಂತಿಯನ್ನು ನೆಟ್ಟಗೆ ತೂಗುಹಾಕಿ ಕೆಳಗೆ ಜ್ವಾಲೆಯನ್ನು ಹಿಡಿದಾಗ ತಾನಾಗಿ ಆರುವ ತಂತಿಯು, ಇಪ್ಪತ್ತು ತಂತಿಗಳ ಕಟ್ಟಿನಲ್ಲಿ ಸೇರಿದಾಗ ಆರದೆ ಇರಬಹುದು. ಒಂಟಿ ಸೌದೆ ಒಲೆಯಲ್ಲಿ ನಂದಿಹೋಗುವುದು, ನಾಲ್ಕು ಸೌದೆ ಕೂಡಿದರೆ ಉರಿಯುವುದು, ಇದು ಎಲ್ಲರೂ ಬಲ್ಲ ಸಂಗತಿ. ಒಂದರ ಶಾಖವು ಇನ್ನೊಂದನ್ನು ಕಾಯಿಸುವುದೇ ಇದಕ್ಕೆ ಕಾರಣ. ಆದಕಾರಣ ಅಂತರರಾಷ್ಟ್ರೀಯ ಮಾನಕದಲ್ಲಿ ಎರಡು ಪರೀಕ್ಷೆಗಳನ್ನು ಬೇರೆ ಬೇರೆಯಾಗಿ ಇರಿಸಿದ್ದಾರೆ. ಒಂಟಿತಂತಿಯ ಪರೀಕ್ಷೆ ಒಂದು. ಇನ್ನೊಂದು ಕಟ್ಟಿನ ಪರೀಕ್ಷೆ. ಇದರಲ್ಲಿ ಮೂರೂವರೆ ಮೀಟರು ಉದ್ದದ ತಂತಿಗಳನ್ನು ಏಣಿಯ ಮೇಲೆ ನೆಟ್ಟಗೆ ಕಟ್ಟಿ ಕೆಳಗಿನಿಂದ ಜ್ವಾಲೆ ಕೊಡುವರು. ಪ್ರತಿ ಮೀಟರಿಗೆ ಉರಿಯುವ ವಸ್ತುವು ೭ ಲೀಟರಿದ್ದರೆ ಎ ವರ್ಗ, ೩.೫ ಲೀಟರಿದ್ದರೆ ಬಿ ವರ್ಗ, ೧.೫ ಲೀಟರಿದ್ದರೆ ಸಿ ವರ್ಗ. ಮೊದಲೆರಡಕ್ಕೆ ೪೦ ನಿಮಿಷ, ಮೂರನೆಯದಕ್ಕೆ ೨೦ ನಿಮಿಷ ಜ್ವಾಲೆ ಹಿಡಿಯುವರು. ಕರಿಕಾದ ಭಾಗವು ಎರಡೂವರೆ ಮೀಟರನ್ನು ಮೀರಬಾರದು. ಒಂಟಿತಂತಿಯ ಪರೀಕ್ಷೆಯಲ್ಲಿ ತೇರ್ಗಡೆಯಾದುದನ್ನು ಕಟ್ಟಿನಲ್ಲಿ ನಂಬುವುದು ವ್ಯಾಪ್ತಿಯಿಲ್ಲದ ಅನುಮಾನವೇ ಸರಿ.

೪. ಎರಡನೆಯ ಲಕ್ಷಣ: ಹೊಗೆ

ಪರ್ವತದಲ್ಲಿ ಹೊಗೆಯನ್ನು ಕಂಡು ವಹ್ನಿಯನ್ನು ಅನುಮಾನಿಸುವ ದೃಷ್ಟಾಂತವು ತರ್ಕಶಾಸ್ತ್ರದ ಬಾಲಪಾಠ. ಹೊಗೆಯಿದ್ದಲ್ಲಿ ಬೆಂಕಿಯುಂಟು, ಆದರೆ ಬೆಂಕಿಯಿದ್ದಲ್ಲೆಲ್ಲಾ ಹೊಗೆಯಿರಬೇಕೆಂಬ ನಿಯಮವಿಲ್ಲ, ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಹೊಗೆಗೆ ಬೆಂಕಿ ಮಾತ್ರ ಸಾಲದು, ಹಸಿಯಾದ ಇಂಧನದ ಸಂಯೋಗವೂ ಬೇಕು. ಅದೇ ಉಪಾಧಿಯೆಂದು ನೈಯಾಯಿಕರು ತೀರ್ಮಾನಿಸಿದರು. ಪಿರಿಯಾಪಟ್ಟಣ, ಹುಣಸೂರು ಸೀಮೆಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್ನಿನ ಒಲೆಯನ್ನು ಉರಿಸುವ ರೈತನಿಗೆ ಈ ಉಪಾಧಿಯು ಅನುಭವಸಿದ್ಧವಾದುದು.

ತಂತಿಯ ಹೊಗೆಗೂ ಇದೇ ನ್ಯಾಯವು ಸಲ್ಲುತ್ತದೆ. ಹೊಗೆಯ ಪ್ರಮಾಣವನ್ನು ನಿರ್ಣಯಿಸುವುದು ಬೆಂಕಿಯೊಂದೇ ಅಲ್ಲ, ಇಂಧನದ ಸ್ವಭಾವವೂ ಹೌದು. ಉರಿಯು ಹರಡದ ತಂತಿಯು ಉರಿದಷ್ಟು ಭಾಗದಲ್ಲಿ ಕಪ್ಪಾದ ದಟ್ಟಹೊಗೆಯನ್ನು ಕಾರಬಹುದು. ಹಾಗೆ ಕಾರಿದಾಗ ಎಫ್. ಆರ್. ಎಂಬ ಸಂಜ್ಞೆಯು ಸುಳ್ಳಾಗುವುದಿಲ್ಲ. ಅದು ಹೊಗೆಯ ವಿಷಯದಲ್ಲಿ ಏನನ್ನೂ ಹೇಳಿರುವುದೇ ಇಲ್ಲ. ಹೊಗೆ ಕಡಿಮೆಯಾಗಬೇಕಾದರೆ ಉಪಾಧಿಯನ್ನೇ ತೆಗೆಯಬೇಕು, ಎಂದರೆ ಹೊದಿಕೆಯ ದ್ರವ್ಯವನ್ನೇ ಬದಲಿಸಬೇಕು.

ಇಲ್ಲಿ ಓದುವವರನ್ನು ಮೋಸಗೊಳಿಸತಕ್ಕ ಒಂದು ಸಂಖ್ಯೆಯುಂಟು. ೬೯೪ನೆಯ ಮಾನಕದಲ್ಲಿ ಅಲ್ಪಧೂಮದ ತಂತಿಗೆ ಹೊಗೆಯ ಸಾಂದ್ರತೆಯು ನೂರಕ್ಕೆ ೬೦ನ್ನು ಮೀರಬಾರದೆಂದಿದೆ. ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಮೂರು ಮೀಟರು ಉದ್ದ ಅಗಲ ಎತ್ತರಗಳುಳ್ಳ ಕೋಣೆಯಲ್ಲಿ ತಂತಿಯನ್ನು ಸುಟ್ಟಾಗ, ಆ ಹೊಗೆಯ ಮೂಲಕ ಹಾದುಬರುವ ಬೆಳಕು ನೂರಕ್ಕೆ ೬೦ಕ್ಕೆ ಕಡಿಮೆಯಾಗಬಾರದೆಂದಿದೆ. ಎರಡರಲ್ಲಿಯೂ ಅರವತ್ತೇ. ಆದರೆ ಒಂದರಲ್ಲಿ ಅರವತ್ತೆಂಬುದು ಹೊಗೆಯು ನುಂಗಬಹುದಾದ ಬೆಳಕಿನ ಮೇಲಣ ಎಲ್ಲೆ, ಇನ್ನೊಂದರಲ್ಲಿ ಹೊಗೆಯು ಬಿಟ್ಟುಕೊಡಬೇಕಾದ ಬೆಳಕಿನ ಕೆಳಗಣ ಎಲ್ಲೆ. ಸುಡುವ ಕ್ರಮವೂ ಎರಡರಲ್ಲಿ ಬೇರೆ. ಸಂಖ್ಯಾಸಾಮ್ಯದಿಂದ ಅರ್ಥಸಾಮ್ಯವನ್ನು ಕಲ್ಪಿಸಿಕೊಂಡರೆ ತಪ್ಪು ತಂತಿಯು ಗೋಡೆಯೊಳಗೆ ಸೇರುವುದು.

೫. ಮೂರನೆಯ ಲಕ್ಷಣ: ಆಮ್ಲವಾಯು, ಅಲ್ಪಕ್ಕೂ ಅಭಾವಕ್ಕೂ ಭೇದ

ಕ್ಲೋರೀನು, ಬ್ರೋಮೀನು, ಫ್ಲೋರೀನು ಮುಂತಾದ ಧಾತುಗಳಿಗೆ ಹ್ಯಾಲೊಜನ್‌ಗಳೆಂದು ಹೆಸರು. ಪಿ. ವಿ. ಸಿ. ಉರಿದಾಗ ಹೊರಡುವ ಹೈಡ್ರೋಜನ್ ಕ್ಲೋರೈಡು ನೀರಿನ ತೇವದೊಡನೆ ಸೇರಿ ಆಮ್ಲವಾಗುವುದು. ಕಣ್ಣು, ಗಂಟಲು, ಶ್ವಾಸಕೋಶಗಳಲ್ಲಿ ತೇವವಿರುವುದರಿಂದ ಅದು ಅಲ್ಲಿಯೇ ಆಮ್ಲವಾಗಿ, ಕಣ್ಣು ತೆರೆಯದಂತೆಯೂ ಉಸಿರು ಎಳೆಯದಂತೆಯೂ ಮಾಡುವುದು. ಬಾಗಿಲು ಹತ್ತು ಮಾರು ದೂರದಲ್ಲಿದ್ದರೂ ಕಾಣದಂತಾಗುವುದು.

ಎಲ್. ಎಸ್. ಎಚ್. ಎಂಬುದಕ್ಕೆ ಅಲ್ಪಧೂಮ, ಅಲ್ಪಹ್ಯಾಲೊಜನ್ ಎಂದು ಅರ್ಥ. ೬೯೪ನೆಯ ಮಾನಕದ ಪ್ರಕಾರ ಇಂತಹ ಹೊದಿಕೆಯಿಂದ ಹೊರಡುವ ಆಮ್ಲವಾಯುವು ತೂಕದಲ್ಲಿ ನೂರಕ್ಕೆ ೨೦ರವರೆಗೆ ಇರಬಹುದು. ಅದೇ ಅಕ್ಷರಗಳ ನಡುವೆ ಒಂದು ಸೊನ್ನೆ ಸೇರಿದರೆ ಹ್ಯಾಲೊಜನ್ನಿನ ಅಭಾವವುಳ್ಳದ್ದೆಂದು ಅರ್ಥವಾಗುವುದು. ಆಗ ಅಂಗೀಕೃತವಾದ ಮಿತಿಯು ನೂರಕ್ಕೆ ಅರ್ಧ. ಒಂದು ಸೊನ್ನೆಯ ಲೋಪದಿಂದ ಮಿತಿಯು ನಲವತ್ತರಷ್ಟು ಬೆಳೆಯುವುದು. ಅಲ್ಪತ್ವವು ಬೇರೆ, ಅಭಾವವು ಬೇರೆ ಎಂದು ಪದಾರ್ಥವಿಚಾರ ಮಾಡುವವರಿಗೆ ಹೇಳಬೇಕಾಗಿಲ್ಲ. ಆದರೆ ಅಂಗಡಿಯ ಚೀಟಿಯಲ್ಲಿ ಈ ಭೇದವು ಅಳಿಸಿಹೋಗುತ್ತಿದೆ.

ಹ್ಯಾಲೊಜನ್‌ರಹಿತವಾಗಿಯೂ ಉರಿ ಹರಡದಂತಿರುವ ತಂತಿಗೆ ಎಚ್. ಎಫ್. ಎಫ್. ಆರ್. ಎಂದು ಸಂಜ್ಞೆ, ಅದಕ್ಕೆ ನಮ್ಮಲ್ಲಿ ೨೦೧೮ರಲ್ಲಿ ೧೭೦೪೮ ಎಂಬ ಪ್ರತ್ಯೇಕ ಮಾನಕವು ಹೊರಟಿತು. ಕ್ಲೋರೀನಿನ ಸಹಾಯವಿಲ್ಲದೆ ಉರಿಯನ್ನು ತಡೆಯುವ ಉಪಾಯವು ಚಮತ್ಕಾರವಾಗಿದೆ. ಹೊದಿಕೆಯಲ್ಲಿ ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಪುಡಿಯನ್ನು ಬಹಳವಾಗಿ ಬೆರೆಸಿರುತ್ತಾರೆ. ಅಲ್ಯೂಮಿನಿಯಂ ಹೈಡ್ರಾಕ್ಸೈಡು ಸುಮಾರು ೨೦೦ ಡಿಗ್ರಿಯಲ್ಲಿ ಒಡೆದು, ತನ್ನ ತೂಕದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚನ್ನು ನೀರಿನ ಆವಿಯಾಗಿ ಬಿಡುವುದು. ಆ ಆವಿಯು ಶಾಖವನ್ನು ಹೀರುವುದು, ಉರಿಯುವ ವಾಯುವನ್ನು ತೆಳುಮಾಡುವುದು; ಉಳಿದ ಭಸ್ಮವು ಕವಚವಾಗಿ ನಿಲ್ಲುವುದು. ಎಂದರೆ ತಂತಿಯು ತನ್ನೊಳಗೆ ನೀರನ್ನು ಬಚ್ಚಿಟ್ಟುಕೊಂಡಿದ್ದು ಬೆಂಕಿ ಬಂದಾಗ ಚೆಲ್ಲುತ್ತದೆ.

ಗ್ರಂಥರಕ್ಷಕರಿಗೆ ಈ ಮೂರನೆಯ ಲಕ್ಷಣವೇ ಮುಖ್ಯವಾದುದು. ತಾಳೆಯ ಓಲೆಯಾಗಲಿ ಕಾಗದವಾಗಲಿ ಸಸ್ಯದ ನಾರೇ. ಆಮ್ಲವು ಸೋಕಿದರೆ ನಾರು ಶಿಥಿಲವಾಗಿ ಪುಡಿಯಾಗುತ್ತದೆ. ಒಂದು ಮೂಲೆಯಲ್ಲಿ ಹುಟ್ಟಿದ ಸಣ್ಣ ಬೆಂಕಿಯು ಒಂದು ಕಪಾಟನ್ನೂ ಸುಡದೆ ಆರಿಹೋದರೂ, ಅದರ ಆಮ್ಲವಾಯು ಇಡೀ ಭಂಡಾರವನ್ನು ಮುಟ್ಟಿ ಹೋಗಿರಬಹುದು.

೬. ನಾಲ್ಕನೆಯ ಲಕ್ಷಣ: ಬೆಂಕಿಯಲ್ಲಿಯೂ ಕೆಲಸ ಮಾಡುವುದು

ಮೊದಲ ಮೂರು ಲಕ್ಷಣಗಳು ತಂತಿಯು ಇತರರಿಗೆ ಮಾಡುವ ಕೇಡನ್ನು ಕುರಿತವು. ನಾಲ್ಕನೆಯದು ತಂತಿಯು ತಾನು ಬದುಕಿರುವುದನ್ನು ಕುರಿತದ್ದು. ಅಪಾಯದ ಗಂಟೆ, ದಾರಿ ತೋರುವ ದೀಪ, ನೀರಿನ ಪಂಪು, ಹೊಗೆಯನ್ನು ಹೊರದೂಡುವ ಬೀಸಣಿಗೆಯಂತ್ರ, ಇವು ಬೆಂಕಿ ಬಿದ್ದ ಮೇಲೆಯೇ ನಡೆಯಬೇಕಾದವು. ಅವುಗಳ ತಂತಿಯು ಉರಿಯನ್ನು ಹರಡದೆ, ಹೊಗೆಯನ್ನು ಬಿಡದೆ, ಸದ್ದಿಲ್ಲದೆ ಸತ್ತುಹೋದರೆ ಪ್ರಯೋಜನವೇನು?

ಎಫ್. ಎಸ್. ಎಂಬ ಸಂಜ್ಞೆಯುಳ್ಳ ತಂತಿಗಳಲ್ಲಿ ತಾಮ್ರದ ಎಳೆಗೆ ಅಭ್ರಕದ ಪಟ್ಟಿಯನ್ನು ಸುತ್ತುವುದು ಸಾಮಾನ್ಯವಾದ ಕ್ರಮ. ಹೊದಿಕೆ ಸುಟ್ಟುಹೋದರೂ ಅಭ್ರಕವು ಎಳೆಗಳನ್ನು ಬೇರೆಯಾಗಿ ಹಿಡಿದಿರುತ್ತದೆ. ಬ್ರಿಟಿಷ್ ಮಾನಕದ ಒಂದು ಪರೀಕ್ಷೆಯಲ್ಲಿ ೯೫೦ ಡಿಗ್ರಿಯ ಜ್ವಾಲೆಯಲ್ಲಿ ಮೂರು ಗಂಟೆಯ ಕಾಲ ಪ್ರವಾಹವು ಕಡಿಯದಿರಬೇಕು. ಇನ್ನೊಂದರಲ್ಲಿ ೬೫೦ ಡಿಗ್ರಿಯ ಜ್ವಾಲೆಯ ಜೊತೆಗೆ ನೀರನ್ನು ಸಿಂಪಡಿಸುವರು. ಮತ್ತೊಂದರಲ್ಲಿ ೯೫೦ ಡಿಗ್ರಿಯ ಜ್ವಾಲೆಯಲ್ಲಿರುವಾಗಲೇ ಹದಿನೈದು ನಿಮಿಷ ಪೆಟ್ಟುಕೊಡುವರು. ಬೆಂಕಿ ಬಿದ್ದ ಮನೆಯಲ್ಲಿ ನೀರೂ ಬೀಳುವುದು, ತೊಲೆಯೂ ಬೀಳುವುದು. ಅದಕ್ಕಾಗಿಯೇ ಈ ಮೂರು.

ಈ ಲಕ್ಷಣವನ್ನು ಉಪೇಕ್ಷಿಸಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ಬ್ರೌನ್ಸ್ ಫೆರಿ ಪರಮಾಣುಶಕ್ತಿ ಕೇಂದ್ರದಲ್ಲಿ ೧೯೭೫ನೆಯ ಮಾರ್ಚಿ ೨೨ರಂದು ನಡೆದ ಸಂಗತಿ ಉದಾಹರಣೆ. ತಂತಿಗಳು ಗೋಡೆಯನ್ನು ದಾಟುವ ಕಂಡಿಯಲ್ಲಿ ಗಾಳಿ ಸೋರುವುದೇ ಎಂದು ಮೇಣದ ಬತ್ತಿಯ ಜ್ವಾಲೆಯಿಂದ ನೋಡುತ್ತಿದ್ದಾಗ, ಕಂಡಿಗೆ ತುಂಬಿದ್ದ ನೊರೆಯಂತಹ ದ್ರವ್ಯಕ್ಕೆ ಉರಿ ಹತ್ತಿ ತಂತಿಗಳಿಗೆ ಹಬ್ಬಿತು. ಸುಮಾರು ೧೬೦೦ ತಂತಿಗಳು ಹಾಳಾದವು. ಯಂತ್ರವನ್ನು ತಣಿಸುವ ಹಲವು ಸಾಧನಗಳು ಕೈಗೆಟುಕದಂತಾದವು. ಅಲ್ಲಿ ಕೆಟ್ಟುದು ಯಂತ್ರವಲ್ಲ, ಯಂತ್ರಕ್ಕೆ ಆಜ್ಞೆಯನ್ನು ಒಯ್ಯುವ ತಂತಿ.

೭. ಪರದೇಶಗಳ ವರ್ಗೀಕರಣ

ಐರೋಪ್ಯ ಒಕ್ಕೂಟದಲ್ಲಿ ಕಟ್ಟಡಗಳಲ್ಲಿ ಶಾಶ್ವತವಾಗಿ ಎಳೆಯುವ ತಂತಿಗಳಿಗೆ ೨೦೧೭ನೆಯ ಜುಲೈ ೧ರಿಂದ ಕಡ್ಡಾಯವಾದ ದರ್ಜೆಗಳಿವೆ. ಎ, ಬಿ ೧, ಬಿ ೨, ಸಿ, ಡಿ, ಇ, ಎಫ್ ಎಂದು ಏಳು ಮೆಟ್ಟಿಲುಗಳು. ಮೇಲಿನದು ಎಂದರೆ ಬಹುತೇಕ ಉರಿಯದ್ದು. ಮಧ್ಯದ ದರ್ಜೆಗಳನ್ನು ಇಪ್ಪತ್ತು ನಿಮಿಷದ ಏಣಿಯ ಪರೀಕ್ಷೆಯಿಂದ ನಿರ್ಣಯಿಸುವರು. ಬಿ ೨ ದರ್ಜೆಯಲ್ಲಿ ಉರಿಯು ಒಂದೂವರೆ ಮೀಟರನ್ನು ಮೀರಬಾರದು, ಶಾಖದ ಪರಮವೇಗವು ೩೦ ಕಿಲೋವಾಟನ್ನು ಮೀರಬಾರದು. ಸಿ ದರ್ಜೆಯಲ್ಲಿ ಎರಡು ಮೀಟರು, ೬೦ ಕಿಲೋವಾಟು. ಡಿ ದರ್ಜೆಯಲ್ಲಿ ೪೦೦ ಕಿಲೋವಾಟಿನವರೆಗೆ ಅವಕಾಶ. ಇ ದರ್ಜೆಗೆ ಒಂಟಿತಂತಿಯ ಪರೀಕ್ಷೆಯೊಂದೇ. ಇದರ ಜೊತೆಗೆ ಹೊಗೆಗೆ ಒಂದು, ಉರಿಯುತ್ತ ತೊಟ್ಟಿಕ್ಕುವ ಹನಿಗಳಿಗೆ ಒಂದು, ಆಮ್ಲತೆಗೆ ಒಂದು, ಹೀಗೆ ಮೂರು ಉಪಸಂಜ್ಞೆಗಳನ್ನು ಸೇರಿಸಿ ಬರೆಯುವರು. ಒಂದು ಶಬ್ದದಲ್ಲಿ ಎಲ್ಲವನ್ನೂ ಅಡಗಿಸದೆ, ಪ್ರಕೃತಿಗೆ ಪ್ರತ್ಯಯಗಳನ್ನು ಸೇರಿಸಿದಂತೆ ಗುಣಗಳನ್ನು ಒಂದೊಂದಾಗಿ ಹೇಳುವ ಈ ಕ್ರಮವು ಪ್ರಶಂಸನೀಯವಾಗಿದೆ. ಆದರೂ ನಾಲ್ಕನೆಯ ಲಕ್ಷಣವು ಈ ದರ್ಜೆಯಲ್ಲಿ ಅಡಕವಾಗಿಲ್ಲ. ಅದಕ್ಕೆ ಬೇರೆ ಪರೀಕ್ಷೆಯೇ ಬೇಕು.

ಅಮೆರಿಕದವರು ವಾರ್ತಾತಂತಿಗಳನ್ನು ಅವು ಇರುವ ಸ್ಥಾನದಿಂದ ವಿಂಗಡಿಸಿದ್ದಾರೆ. ಗಾಳಿಯನ್ನು ಸಾಗಿಸುವ ಮಾಳಿಗೆಯ ಮರೆಯಲ್ಲಿ ಎಳೆಯತಕ್ಕದ್ದು ಅತ್ಯಂತ ಕಠಿನವಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಏಕೆಂದರೆ ಅಲ್ಲಿಯ ಹೊಗೆಯು ಎಲ್ಲ ಕೊಠಡಿಗಳಿಗೂ ಗಾಳಿಯ ಜೊತೆಯಲ್ಲಿಯೇ ಬರುವುದು. ಅಂತಸ್ತಿನಿಂದ ಅಂತಸ್ತಿಗೆ ಏರುವ ನಾಳದಲ್ಲಿ ಎಳೆಯತಕ್ಕದ್ದು ಎರಡನೆಯದು; ಸಾಧಾರಣ ಸ್ಥಳದ್ದು ಮೂರನೆಯದು. ಉಪಯೋಗವಿಲ್ಲದೆ ಬಿಟ್ಟ ಹಳೆಯ ತಂತಿಗಳಲ್ಲಿ ಕೈಗೆಟುಕುವ ಭಾಗವನ್ನು ತೆಗೆದುಹಾಕಬೇಕೆಂದೂ ಅಲ್ಲಿಯ ವಿದ್ಯುನ್ನಿಯಮಗಳು ವಿಧಿಸುತ್ತವೆ. ಪ್ರವಾಹವಿಲ್ಲದ ತಂತಿಯು ಬೆಂಕಿಯನ್ನು ಹುಟ್ಟಿಸಲಾರದು, ಆದರೆ ಬೆಂಕಿಗೆ ಆಹಾರವಾಗಬಲ್ಲುದು. ನಮ್ಮ ವಿದ್ಯಾಲಯಗಳ ಮಾಳಿಗೆಗಳಲ್ಲಿ ಹಳತನ್ನು ತೆಗೆಯದೆ ಹೊಸತನ್ನು ಎಳೆಯುವ ವಾಡಿಕೆಯಿರುವುದರಿಂದ ಈ ನಿಯಮವು ಸ್ಮರಣೀಯ.

೮. ಕಟ್ಟಡದ ಪಾಲು

೨೦೧೦ನೆಯ ಫೆಬ್ರವರಿ ೨೩ರಂದು ಬೆಂಗಳೂರಿನ ಹಳೆಯ ವಿಮಾನನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಬಹುಮಹಡಿ ಕಟ್ಟಡದಲ್ಲಿ ಒಂಬತ್ತು ಮಂದಿ ಪ್ರಾಣವನ್ನು ಕಳೆದುಕೊಂಡರು. ವಿದ್ಯುತ್ತಂತಿಗಳ ನಾಳದಲ್ಲಿ ಹುಟ್ಟಿದ ಬೆಂಕಿಯ ಹೊಗೆಯು ಮೇಲಿನ ಮಹಡಿಗಳನ್ನು ತುಂಬಿತು. ಉಸಿರುಕಟ್ಟಿದ ಕೆಲವರು ಕಿಟಕಿಗಳಿಂದ ಧುಮುಕಿದರು. ಆ ದುಃಖದಿಂದಲೇ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ನಾಗರಿಕ ಸಂಸ್ಥೆಯು ಹುಟ್ಟಿ ಅಗ್ನಿಸುರಕ್ಷತೆಯನ್ನು ಕುರಿತು ಜನರನ್ನು ಎಚ್ಚರಿಸುವ ಕೆಲಸವನ್ನು ಕೈಕೊಂಡಿತು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ೧೯೯೭ನೆಯ ಜೂನ್ ೧೩ರಂದು ೫೯ ಮಂದಿ ಮಡಿದುದೂ ನೆಲದಂತಸ್ತಿನ ವಿದ್ಯುತ್ಪರಿವರ್ತಕದಿಂದ ಹುಟ್ಟಿ ಮೇಲೇರಿದ ಹೊಗೆಯಿಂದಲೇ. ಎರಡು ಕಡೆಯಲ್ಲಿಯೂ ಜನರನ್ನು ಮುಟ್ಟಿದ್ದು ಜ್ವಾಲೆಗಿಂತ ಹೆಚ್ಚಾಗಿ ಹೊಗೆ.

ನೆಟ್ಟಗಿರುವ ನಾಳವು ಹೊಗೆಗೆ ಕೊಳವೆಯಾಗುವುದು. ಅಡಿಗೆಯ ಮನೆಯ ಹೊಗೆಗೂಡನ್ನು ಕಟ್ಟುವುದೇ ಈ ಗುಣವನ್ನು ನಂಬಿ. ಆದಕಾರಣ ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು, ವಿದ್ಯುತ್ತಂತಿಗಳಿಗೆ ಪ್ರತ್ಯೇಕವಾದ ನಾಳವಿರಬೇಕೆಂದೂ, ಆ ನಾಳವನ್ನು ಪ್ರತಿ ಅಂತಸ್ತಿನಲ್ಲಿಯೂ ಬೆಂಕಿಗೆ ಬಗ್ಗದ ದ್ರವ್ಯದಿಂದ ಮುಚ್ಚಬೇಕೆಂದೂ, ನೀರಿನ ಕೊಳವೆ, ಅನಿಲದ ಕೊಳವೆ, ದೂರವಾಣಿಯ ತಂತಿಗಳನ್ನು ಅದರಲ್ಲಿ ಸೇರಿಸಕೂಡದೆಂದೂ ವಿಧಿಸುತ್ತದೆ. ಉತ್ತಮವಾದ ತಂತಿಯನ್ನು ತಂದು ಮುಚ್ಚದ ನಾಳದಲ್ಲಿ ಎಳೆಯುವುದು ಅರ್ಧ ಕೆಲಸ.

ಇಂತಹ ವಿಧಿಗಳು ನಮಗೆ ಹೊರಗಿನಿಂದ ಬಂದವೆಂದು ಭಾವಿಸಬೇಕಾಗಿಲ್ಲ. ರುದ್ರಪಟ್ಟಣದ ಶಾಮಶಾಸ್ತ್ರಿಗಳು ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಕಂಡುಹಿಡಿದು ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಾಗರಿಕನೆಂಬ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಪ್ರಕರಣದಲ್ಲಿ ಅಗ್ನಿಭಯದ ನಿಯಮಗಳಿವೆ. ಮನೆಯಲ್ಲಿ ನೀರಿನ ಗಡಿಗೆ, ಏಣಿ, ಕೊಡಲಿ, ಮೊರ, ಕೊಕ್ಕೆ, ತೊಗಲಚೀಲಗಳನ್ನು ಇಟ್ಟಿರಬೇಕು. ಹುಲ್ಲುಚಾಪೆಗಳ ಹೊದಿಕೆಯನ್ನು ತೆಗೆಸಬೇಕು. ಬೆಂಕಿಯಿಂದ ಜೀವನಮಾಡುವ ಕಸುಬಿನವರನ್ನು ಒಂದೆಡೆಯಲ್ಲಿ ನೆಲಸಿಸಬೇಕು. ಹೊತ್ತಿದ ಮನೆಯನ್ನು ಆರಿಸಲು ಓಡಿಬಾರದ ಮನೆಯ ಯಜಮಾನನಿಗೆ ೧೨ ಪಣ, ಬಾಡಿಗೆದಾರನಿಗೆ ೬ ಪಣ, ಅಜಾಗರೂಕತೆಯಿಂದ ಬೆಂಕಿಗೆ ಕಾರಣನಾದವನಿಗೆ ೫೪ ಪಣ ದಂಡ. ಇಂಧನವನ್ನು ತೆಗೆಯುವುದು, ಅಪಾಯವನ್ನು ಪ್ರತ್ಯೇಕಿಸುವುದು, ಸಾಧನವನ್ನು ಸಿದ್ಧವಾಗಿಡುವುದು, ಪ್ರಮಾದಕ್ಕೆ ಹೊಣೆಯನ್ನು ಗೊತ್ತುಮಾಡುವುದು, ಈ ನಾಲ್ಕೇ ಇಂದಿನ ಸಂಹಿತೆಗೂ ಅಡಿಗಲ್ಲುಗಳು.

ಆ ಗ್ರಂಥದ ಓಲೆಗಳು ಶಾಸ್ತ್ರಿಗಳ ಕೈಗೆ ಸೇರುವುದಕ್ಕೆ ಕೆಲವೇ ವರ್ಷಗಳ ಮುಂಚೆ, ೧೮೯೭ರಲ್ಲಿ, ಮೈಸೂರಿನ ಹಳೆಯ ಮರದ ಅರಮನೆಯು ರಾಜಕುಮಾರಿಯ ವಿವಾಹಸಮಯದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ವಿನ್ಯಾಸದಂತೆ ೧೯೧೨ರಲ್ಲಿ ಪೂರ್ಣವಾದ ಹೊಸ ಅರಮನೆಯಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಗಳು ಮರದ ಸ್ಥಾನವನ್ನು ಬಹುಮಟ್ಟಿಗೆ ಹಿಡಿದವು. ಆ ನಡುವಿನ ಅವಧಿಯಲ್ಲಿಯೇ, ೧೯೦೨ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲ್ಲಾರದ ಚಿನ್ನದ ಗಣಿಗಳಿಗೂ, ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿಯಿತು. ಕಟ್ಟಡಗಳಿಂದ ಮರವು ಹೊರಗೆ ಹೋಗುತ್ತಿದ್ದಂತೆಯೇ ತಂತಿಯ ಹೊದಿಕೆಯೆಂಬ ಹೊಸ ಇಂಧನವು ಒಳಗೆ ಬಂದಿತೆನ್ನಬೇಕು.

೯. ಪರಿಭಾಷಾನಿರ್ಣಯ

ಇನ್ನು ಶಬ್ದವಿಚಾರ. ‘ಅಗ್ನಿನಿರೋಧಕ’ವೆಂಬುದು ಎಫ್. ಆರ್. ತಂತಿಗೆ ಅತಿವ್ಯಾಪ್ತಿಯಿಂದ ದುಷ್ಟವಾದ ಹೆಸರು; ಅದು ಹೊಗೆಯನ್ನಾಗಲಿ ಆಮ್ಲವನ್ನಾಗಲಿ ನಿರೋಧಿಸುವುದಿಲ್ಲ, ಬೆಂಕಿಯಲ್ಲಿ ಬದುಕುವುದೂ ಇಲ್ಲ. ಶಾಸ್ತ್ರೀಯ ವ್ಯವಹಾರಕ್ಕೆ ಕ್ರಮವಾಗಿ ಜ್ವಾಲಾಮಂದಕ, ಅಲ್ಪಧೂಮ, ಹ್ಯಾಲೊಜನ್‌ರಹಿತ, ಅಗ್ನಿಸಹ ಎಂಬ ನಾಲ್ಕು ಸಂಜ್ಞೆಗಳನ್ನು ಇಟ್ಟುಕೊಳ್ಳಬಹುದು. ನಾಲ್ಕನೆಯದಕ್ಕೆ ಅಗ್ನಿಜೀವಿ ಎಂಬ ಶಬ್ದವು ಮೊದಲು ತೋಚಬಹುದಾದರೂ, ಅರ್ಥಶಾಸ್ತ್ರದಲ್ಲಿ ಅದು ಕಮ್ಮಾರನೇ ಮೊದಲಾದವರಿಗೆ ಸಲ್ಲುವುದರಿಂದ ಅದನ್ನು ಬಿಡತಕ್ಕುದು.

ಆದರೆ ತಂತಿಯನ್ನು ಕೊಳ್ಳುವವನು ಸಂಸ್ಕೃತವನ್ನು ಓದಿದವನೇ ಆಗಿರಬೇಕಿಲ್ಲ. ಕನ್ನಡದಲ್ಲಿ ಬೆಂಕಿ, ಉರಿ, ಹೊಗೆ ಎಂಬ ಮಾತುಗಳು ಬೇರೆ ಬೇರೆ ಅರ್ಥಗಳಲ್ಲಿ ನಿಂತಿರುವಾಗ ಅವುಗಳನ್ನೇ ಬಳಸುವುದು ಉಚಿತ. ‘ಉರಿ ಹರಡದ ತಂತಿ’, ‘ಹೊಗೆ ಕಡಿಮೆಯ ತಂತಿ’, ‘ಹುಳಿಹೊಗೆಯಿಲ್ಲದ ತಂತಿ’, ‘ಬೆಂಕಿ ತಾಳುವ ತಂತಿ’ ಎಂದರೆ ಎಲ್ಲರಿಗೂ ತಿಳಿಯುವುದು. ಮೊದಲನೆಯದರಲ್ಲಿ ‘ಉರಿ ಹಬ್ಬದ’ ಎಂದು ಹೇಳಕೂಡದು. ಹಬ್ಬವೆಂಬ ನಾಮಪದದ ಷಷ್ಠಿಯೆಂದು ಗ್ರಹಿಸಿದರೆ ಉರಿಗೆ ಉತ್ಸವವನ್ನು ಮಾಡಿದಂತಾಗುವುದು. ಆಮ್ಲವಾಯುವಿಗೆ ‘ಹುಳಿಹೊಗೆ’ ಎಂಬುದು ಹೊಸ ಸಮಾಸ; ಆಮ್ಲಕ್ಕೆ ಹುಳಿಯೆಂಬುದು ಹಳೆಯ ಮಾತಾದುದರಿಂದ ಇದಕ್ಕೆ ಬಾಧಕವಿಲ್ಲವೆಂದು ತೋರುತ್ತದೆ.

ಈ ನಾಲ್ಕು ಮಾತುಗಳು ಕೈಯಲ್ಲಿದ್ದರೆ ಪ್ರಶ್ನೆಯೂ ಸರಿಯಾಗಿ ಹುಟ್ಟುವುದು. ಸಣ್ಣ ಮನೆಗೆ ಉರಿ ಹರಡದ ತಂತಿಯು ಕನಿಷ್ಠ. ಜನರು ಸೇರುವ ಸಭಾಮಂದಿರ, ಪಾಠಶಾಲೆ, ಆಸ್ಪತ್ರೆಗಳಿಗೆ ಹೊಗೆ ಕಡಿಮೆಯದೂ ಹುಳಿಹೊಗೆಯಿಲ್ಲದ್ದೂ ಆಗಬೇಕು. ಓಲೆಗರಿಗಳಿರುವ ಭಂಡಾರಕ್ಕೆ ಹುಳಿಹೊಗೆಯಿಲ್ಲದ್ದು ಮುಖ್ಯ. ಅಪಾಯದ ಗಂಟೆಗೂ ದಾರಿದೀಪಕ್ಕೂ ಬೆಂಕಿ ತಾಳುವುದೇ ಬೇಕು. ಗ್ರಂಥಭಂಡಾರದ ಅಧಿಕಾರಿಗಳು ತಂತಿಯನ್ನು ತರಿಸುವ ಪತ್ರದಲ್ಲಿ ‘ಅಗ್ನಿನಿರೋಧಕವಾದುದನ್ನು ಕಳುಹಿಸಿರಿ’ ಎಂದು ಬರೆದರೆ ಮಾರುವವನು ಯಾವುದನ್ನು ಕಳುಹಿಸಿದರೂ ಸುಳ್ಳು ಹೇಳಿದಂತಾಗುವುದಿಲ್ಲ. ಯಾವ ಲಕ್ಷಣವು ಬೇಕು, ಯಾವ ಮಾನಕದ ಪ್ರಕಾರ, ಒಂಟಿತಂತಿಯ ಪರೀಕ್ಷೆಯೋ ಕಟ್ಟಿನದೋ ಎಂಬ ಮೂರನ್ನು ಬರೆದರೆ ಮಾತ್ರ ಆ ಪತ್ರಕ್ಕೆ ಅರ್ಥವುಂಟು. ಪರಿಭಾಷೆಯನ್ನು ಕುರಿತು ಇದಕ್ಕಿಂತ ಉಚಿತವಾದ ಮಾತುಗಳು ತೋಚಿದಲ್ಲಿ ವಿದ್ವಾಂಸರು ಸೂಚಿಸಬೇಕಾಗಿ ಪ್ರಾರ್ಥನೆ. ಮಾತು ಯಾವುದಾದರೂ ಆಗಲಿ, ನಾಲ್ಕು ಅರ್ಥಕ್ಕೆ ನಾಲ್ಕು ಇರಬೇಕೆಂಬುದರಲ್ಲಿ ಮಾತ್ರ ವಿವಾದಕ್ಕೆ ಎಡೆಯಿಲ್ಲ.